ಬಡಗು ಕಿಟಕಿ

ಜೆಪ್ಪುವಿನ ಆ ಬೇಕರಿಯ ಮಹಡಿಯಲ್ಲಿ
ಬಡಗು ಗೋಡೆ ಒಡೆದು ಕಿಟಕಿ ಇಟ್ಟವನು ನಾನೇ.
ಮೂರಡಿ ಅಗಲ, ನಾಲ್ಕೂವರೆ ಎತ್ತರ, ಮುರಕಲ್ಲು ಕೊರೆದು.
'ತೆಂಕಿನ ಬಿಸಿಲು ಗಳಿಗೆಗೊಂದು ಹೇಳ್ತದೆ ದೂಮಪ್ಪ,
ಬಡಗಿನ ಬೆಳಕಿನದ್ದು ಸಂಜೆವರೆಗೆ ಒಂದೇ ಮಾತು'
ಅಂದಿದ್ದರು ಬಾಲ್ತಜಾರ್ ಮೇಷ್ಟ್ರು.
ಕೂಲಿಯಲ್ಲಿ ಎರಡು ಸಾವಿರ ಬಾಕಿ ಇಟ್ಟು,
'ಅದರ ಬದಲಿಗೆ ಚಿತ್ರ ಕಲಿಸ್ತೇನೆ, ಮಂಗಳವಾರ ಬಾ.'
ಮಂಗಳವಾರ ಹೋದೆ,
ದುಡ್ಡು ಕೇಳಲಿಕ್ಕೆ.

ಸ್ಟೂಲಿನ ಮೇಲೆ ಪ್ಲಾಸ್ಟರಿನದೊಂದು ಪಾದ.
ಮೊಣಕಾಲಿಲ್ಲ, ಮನುಷ್ಯನಿಲ್ಲ, ಬರೀ ಪಾದ.
ಇದ್ದಿಲ ಕಡ್ಡಿ ಕೈಗೆ ಕೊಟ್ಟರು. ಐದು ಬೆರಳು ಬರೆದೆ.
'ಕಾಲಿಗೆ ಐದು ಬೆರಳು ಅಂತ ನಿನಗೆ ಹೇಳಿದ್ದು ಯಾರು?'
'ನನಗೂ ಕಾಲು ಉಂಟಲ್ಲ ಮೇಷ್ಟ್ರೇ.'
'ನಿನ್ನ ಕಾಲು ಕೆಳಗಿರಲಿ. ಅಲ್ಲಿಂದ ಕಾಣುವುದು ಮೂರೂವರೆ.
ಮೂರೂವರೆ ಬರಿ ಮಾರಾಯ.'

ದುಂಡು ಎಲ್ಲ ಆಮೇಲೆ; ಮೊದಲು ನೇರ ಗೆರೆಯಲ್ಲೇ ಕಡಿಯಬೇಕು.
ಹಿಮ್ಮಡಿ ಒಂದು ಮೋಟು ಗೋಡೆ,
ಪಾದದ ಬೆನ್ನು ಹಂಚಿನ ಮಾಡಿನ ಇಳಿಜಾರು.
ಇದು ನನಗೆ ಗೊತ್ತಿದ್ದ ಕೆಲಸ.
ನೇರ ನೋಡಲು ಅವರು ದಾರಕ್ಕೆ ಬೀಗದ ಕೀ ಕಟ್ಟಿ ಇಳಿಬಿಟ್ಟಾಗ
ಚೀಲದಿಂದ ನನ್ನ ಹಿತ್ತಾಳೆಯ ತೂಗುಗುಂಡು ತೆಗೆದುಕೊಟ್ಟೆ.
'ಅಲ್ಲಾಟ ನಿಲ್ಲಲಿ, ಅವಸರ ಮಾಡಬೇಡಿ' ಅಂದೆ.
ಆ ಒಂದು ಗಳಿಗೆ ಮೇಷ್ಟ್ರು ನಾನು.

ಅಳಿಸಲು ರಬ್ಬರಿಲ್ಲ. ಕೆಳಗಿನಿಂದ ತಂದ ನಿನ್ನೆಯ ಬ್ರೆಡ್ಡು.
ತಿರುಳನ್ನು ಉಂಡೆ ಕಟ್ಟಿ ಮೆಲ್ಲಗೆ ಒತ್ತಿದರೆ
ಇದ್ದಿಲು ಅದಕ್ಕೆ ಹತ್ತಿ ಎದ್ದು ಬರುತ್ತದೆ.
ಕಪ್ಪಾದ ಉಂಡೆಗಳನ್ನು ಕಿಟಕಿಯ ದಂಡೆಗಿಡುತ್ತೇನೆ,
ಕಾಗೆಯೊಂದು ಬಂದು ತಿಂದು ಹೋಗುತ್ತದೆ.
ನನ್ನ ಓರೆ ಹಿಮ್ಮಡಿ ಎರಡು ಸಲ,
ಹೆಬ್ಬೆರಳು ಹನ್ನೊಂದು ಸಲ
ಅದರ ಹೊಟ್ಟೆ ಸೇರಿವೆ.
ಗೋಡೆ ಕಟ್ಟುವಲ್ಲಿ ಇಂಥ ಕಾಗೆ ಸಿಗಲಿಲ್ಲ.
ಕಂಕನಾಡಿಯಲ್ಲಿ ನನ್ನದೊಂದು ಗೋಡೆ ಉಂಟು, ಒಂದು ನೂಲು ಓರೆ.
ಬಸ್ಸು ಆ ಕಡೆ ಹೋದಾಗ
ನಾನು ಈ ಕಡೆ ನೋಡುತ್ತೇನೆ.

ಮಳೆಗಾಲವಿಡೀ ನೆರಳು.
'ಕಣ್ಣು ಕಿರಿದು ಮಾಡು, ಸಣ್ಣಪುಟ್ಟದ್ದೆಲ್ಲ ಕರಗಲಿ.
ಈಗ ಎಷ್ಟು ಕಾಣ್ತದೆ?'
'ಎರಡೇ. ಬೆಳಕು, ಕತ್ತಲೆ.'
'ಅಷ್ಟೇ ಸಾಕು ಇವತ್ತಿಗೆ.'
ನೆರಳಿನ ಕೊನೆಯಲ್ಲಿ, ಸ್ಟೂಲಿನ ಹಲಗೆಯಿಂದ ಪುಟಿದ
ಒಂದು ಮಸುಕು ಬೆಳಗು.
ಕಂಡ ಖುಷಿಗೆ ಅದನ್ನು ಬೆಳ್ಳಗೆ ಬಿಟ್ಟಿದ್ದೆ.
ಬೆರಳಲ್ಲಿ ಉಜ್ಜಿ ಮಂಕು ಮಾಡಿದರು:
'ಎಷ್ಟು ಹೊಳೆದರೂ ಅದು ನೆರಳಿನ ಮನೆಯದ್ದೇ.'
ಬಂದ ಗೆರೆಯೂ ಹೋಗಬೇಕಂತೆ ಆಮೇಲೆ,
ಗೋಡೆ ಎದ್ದ ಮೇಲೆ ನೂಲು ಸುತ್ತಿ
ಕಿಸೆಗೆ ಹಾಕಿದ ಹಾಗೆ.

ರಾತ್ರಿ ಮನೆಯಲ್ಲಿ
ವಾರಿಜ ಬಲ್ಬಿನ ಕೆಳಗೆ ಬೀಡಿ ಕಟ್ಟುತ್ತಿದ್ದಳು.
ಕೈಗೆ ಸಿಕ್ಕಿದ್ದು ಸೌಟು.
ಕೈ ನೀಡಿ, ಒಂದು ಕಣ್ಣು ಮುಚ್ಚಿದೆ.
'ಕಣ್ಣಿಗೆ ಸಿಮೆಂಟು ಬಿತ್ತಾ?'
'ಅಲ್ಲಾಡಬೇಡ.'
ಬಲ ಹೆಗಲು ಎಡದ್ದಕ್ಕಿಂತ ಎರಡು ಬೆರಳು ಕೆಳಗೆ.
ಮತ್ತೆ ಅಳೆದೆ. ಎರಡೇ.
ಒಂದು ನೂಲಿಗೆ ಕಲ್ಲು ಕಿತ್ತೆಸೆವವನು,
ಇಪ್ಪತ್ತಾರು ವರ್ಷ ಇದೇ ಮಾಡಿನಡಿ ಉಂಡವನು.
'ಯಾವಾಗಿನಿಂದ?'
'ಎಂಥದು?'
ಎಲೆ ಕತ್ತರಿಸುವ ತಗಡಿನ ಅಚ್ಚು ಮೊರದಲ್ಲಿಟ್ಟು
ಅವಳು ಕೈ ಚಾಚಿದಳು:
'ನಿಮ್ಮ ಅಳತೆ ಆದರೆ ಸೌಟು ಕೊಡಿ, ಗಂಜಿ ಆರ್ತದೆ.'
ಕೊಟ್ಟೆ.

ಎರಡು ಸಾವಿರ ಯಾವತ್ತೋ ತೀರಿತು.
ಈಗ ಯಾರಿಗೆ ಯಾರು ಎಷ್ಟು ಕೊಡಬೇಕೆಂದು
ಮೇಷ್ಟ್ರೂ ಕೇಳುವುದಿಲ್ಲ, ನಾನೂ.
ಇವತ್ತು ಮಂಗಳವಾರ. ಪಾದ ಇನ್ನೂ ಮುಗಿದಿಲ್ಲ.
ಹನ್ನೆರಡನೆಯ ಹೆಬ್ಬೆರಳು ಬರೆದಿದ್ದೇನೆ.
ದಂಡೆಯ ಮೇಲೆ ಕಾಗೆ
ಕತ್ತು ಓರೆ ಮಾಡಿ, ಒಂದೇ ಕಣ್ಣಲ್ಲಿ
ಹಾಳೆ ನೋಡುತ್ತ ಕೂತಿದೆ.