ತೋಳದ ಚೀಟಿ

ಮೊದಲ ತೋಳಕ್ಕೆ ನೀಲಿ ಕಣ್ಣು ಕೊಟ್ಟಿದ್ದೆ.
ಬಲ ಹದಿನೆಂಟು, ಧೈರ್ಯ ಹತ್ತೊಂಬತ್ತು,
ಹುಣ್ಣಿಮೆಗೆ ಊಳಿಟ್ಟರೆ ಇನ್ನೆರಡು ಜಾಸ್ತಿ.
ಹಿಮದಲ್ಲಿ ನಿಲ್ಲಿಸಿದ್ದೆ ಅದನ್ನು,
ಒಂಟಿಕೊಪ್ಪಲಿನ ಸೆಕೆಯಲ್ಲಿ ಕೂತು,
ಬನಿಯನ್ನು ಬೆನ್ನಿಗೆ ಅಂಟಿರುವಾಗ.

ಹಿಟ್ಟಿನ ಗಿರಣಿಯ ಮಹಡಿ ನಮ್ಮ ಆಟದ ಕೋಣೆ.
ಶನಿವಾರ ನಾಲ್ಕು ಜನ, ಇಪ್ಪತ್ತು ಮುಖದ ಒಂದೇ ದಾಳ,
ಅಂಕಿಗಳ ಸಂದಿಯಲ್ಲಿ ಸದಾ ರಾಗಿಹಿಟ್ಟು.
ಪಾತ್ರದ ಚೀಟಿ ಬರೆಯುವುದು ನನ್ನ ಪಾಲು:
ಅಶೋಕ ರಸ್ತೆಯ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವವನು,
ತಪ್ಪು ಅಚ್ಚಾದ ಲಗ್ನಪತ್ರಿಕೆ ನನಗೆ ಪುಕ್ಕಟೆ.
ಈ ಬದಿಗೆ ಚಿ|| ಸೌ|| ಯಾರೋ, ಮುಹೂರ್ತಕ್ಕೆ ಒತ್ತಕ್ಷರವಿಲ್ಲ;
ಮಗುಚಿದರೆ ತೋಳ.

"ಇದು ನಾಯಿ," ಅಂದಳು ಜಬೀನ್ ಓದಿ.
"ಸಿಟ್ಟು ಬಂದ ನಾಯಿ. ಜೊತೆಗೆ ಜಂಬ ಬೇರೆ."

ಭಾನುವಾರ ಮೇಲುಕೋಟೆ ಬಸ್ಸು ಹತ್ತಿ
ಬೆಟ್ಟದ ಈಚೆಗೇ ಇಳಿದೆ.
ಬೀರೇಗೌಡರಿಗಿಂತ ಮೊದಲು ಅವರ ಕುರಿಗಳು ನನ್ನನ್ನು ನೋಡಿದವು.
ಎಷ್ಟು ಎತ್ತರ, ಗೌಡ್ರೆ?
ಮೊಣಕಾಲ ಮೇಲೆ ಒಂದು ಗೇಣು ಕೈ ಹಿಡಿದರು.
"ಇಷ್ಟೇಯ. ಉಪ್ವಾಸ ಇದ್ರೆ ಇನ್ನೂ ಕಮ್ಮಿ."
ಬಣ್ಣ?
ಒಣಹುಲ್ಲಿನ ಕಡೆ ಗದ್ದ ಎತ್ತಿದರು.
"ಇಲ್ಲೇ ಅದೆ ಅನ್ಕಳಿ. ಕಾಣ್ತದಾ?"
ಕಾಣಲಿಲ್ಲ. ಬಂಡೆ, ಲಂಟಾನ,
ಮುಳ್ಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ.
ಊಳಿಡುತ್ತದಾ?
"ಕಳ್ಳ ಕೂಗ್ಕಂಡ್ ಬತ್ತನಾ?

ಒಂದು ನಾಯ್ಗೊಳ್ಗೆ ಕಾಣುಸ್ಕಂಡು ಓಡ್ತದೆ.
ನಾಯ್ಗೊಳು ಅದರಿಂದೆ. ಇನ್ನೊಂದು ಈ ಕಡೆಯಿಂದ.
ಬನ್ನೂರು ಟಗರು, ಗಿಡ್ಡ ಕಾಲು. ಎಲ್ಲಿ ಓಡಾದು?"

ಕಾರ್ತೀಕದಲ್ಲಿ ಒಂದು ಹೆಣ್ಣು ಬರುತ್ತಿತ್ತಂತೆ,
ಎಡ ಮುಂಗಾಲು ಉರುಳಿಗೆ ಹೋದದ್ದು,
ಬೆಳಗಿನ ಜಾವ ಕಲ್ಲುತೊಟ್ಟಿಯ ನೀರಿಗೆ.
ಗೌಡರ ಕೈಯಲ್ಲಿ ಕಲ್ಲಿತ್ತು.
ಹೊಡೆದಿರಾ?
"ನಂದು ಮೂರು ಮರಿ ತಿಂದದೆ ಅದು," ಅಂದರು.
ಆಮೇಲೆ ಬಹಳ ಹೊತ್ತು ಕುರಿ ಎಣಿಸಿದರು.
ನಾನು ಹೊರಟಾಗ ಮಾತ್ರ:
"ಕತ್ಲಾದ್ಮೇಲೆ ಆ ಎಸ್ರು ಅನ್ಬಾರ್ದು ಕನಪ್ಪ.
ಬಂಡೆಯೋರು ಅನ್ಬೇಕು."

ವಾಪಸು ಬಸ್ಸಿನಲ್ಲಿ, ಕುಲುಕಾಟಕ್ಕೆ ಅಕ್ಷರ ಸೊಟ್ಟಗೆ:
ಬಲ ಏಳು.
ಭಯ ಹದಿನೇಳು. ಈ ಕಲಮು ಮೊದಲಿರಲಿಲ್ಲ,
ಪೆನ್ನಿನಲ್ಲೇ ಗೆರೆ ಎಳೆದೆ.
ಹಸಿವು ಸರದಿಗೊಂದು ಏರುತ್ತದೆ;
ಇಳಿಯುವ ನಿಯಮ ಇನ್ನೂ ಹೊಳೆದಿಲ್ಲ.
ವೇಗ ಅನ್ನುವಲ್ಲಿ ಬರೆದು, ಹೊಡೆದು, ಬರೆದು
ಕಾಗದ ತೂತು.
ಮೌನಕ್ಕೆ ದಾಳ ಬೇಡ.
ಹೆಸರು ಖಾಲಿ.

ಶನಿವಾರ ಜಬೀನ್ ಆ ಚೀಟಿ ಎತ್ತಿಕೊಂಡಳು.
ತೇಜಮೂರ್ತಿ ಕುರಿಗಾಹಿ. ಲಿಂಗರಾಜು ಬೇಟೆಗಾರ, ನಾಡಬಂದೂಕು.
ಒಂದು ಗಂಟೆ ಅವಳದು ಒಂದೇ ಮಾತು: "ಕಾಯ್ತೀನಿ."
ಕಡಲೇಕಾಯಿ ಸಿಪ್ಪೆ ಮಡಿಲಲ್ಲೇ ಒಡೆದಳು, ಸದ್ದಾಗದಂತೆ.
"ಇದೂ ಒಂದು ಆಟವೇನಮ್ಮ?" ಲಿಂಗರಾಜು ರೇಗಿದ.
ಕೊನೆಗೆ ಕುರಿ ಚೆದುರಿದವು, ನಾಯಿ ದೂರ ಹೋದವು,
ಅವಳು ದಾಳ ಉರುಳಿಸಿದಳು.

ಇಪ್ಪತ್ತು.

ನಾಲ್ಕು ತಿಂಗಳಲ್ಲಿ ಯಾರಿಗೂ ಬೀಳದ ಇಪ್ಪತ್ತು.
"ಹಾರು, ಕುತ್ತಿಗೆಗೇ ಹಾರು!" ಬೇಟೆಗಾರನೇ ಎದ್ದು ನಿಂತ.
"ಇಲ್ಲ," ಅಂದಳು. "ತೊಟ್ಟಿಯ ನೀರು ಕುಡಿದು ಹೋಗ್ತೀನಿ.
ನಿಮಗ್ಯಾರಿಗೂ ಕಾಣದ ಹಾಗೆ. ಇಪ್ಪತ್ತನ್ನೂ ಅದಕ್ಕೇ ಖರ್ಚು ಮಾಡಿ."

ಕೆಳಗೆ ಗಿರಣಿ ನಿಂತಿತು.
ಕಿವಿಯೊಳಗೆ ಮಾತ್ರ ಇನ್ನೂ ತಿರುಗುತ್ತಿತ್ತು.
ತೊಟ್ಟಿ ಬರೆದಿದ್ದ ಚೌಕವನ್ನು ನಾಲ್ವರೂ ನೋಡುತ್ತಿದ್ದೆವು,
ಅಲ್ಲಿ ನೀರಿದ್ದ ಹಾಗೆ.

"ಹಸಿವು ಎಷ್ಟಾಯ್ತು ಈಗ, ಈ ತೋ..."
ತೇಜಮೂರ್ತಿ ಶುರು ಮಾಡಿದ.
ಎಂಟು ದಾಟಿತ್ತು, ಕಿಟಕಿ ಕಪ್ಪಾಗಿತ್ತು.
"ಅನ್ಬೇಡ," ಅಂದೆ.
ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ,
ಚೀಟಿಯನ್ನು ಬೋರಲು ಹಾಕಿ.

ಮೇಲೆ ಬಂದದ್ದು ಅರಿಶಿನದ ಅಂಚು, ವಧೂವರರು,
ತಾವು ಸಕುಟುಂಬ ಸಮೇತರಾಗಿ
ದಯಮಾಡಿಸಬೇಕೆಂಬ ಸಾಲು.