ಐದನೆಯ ತೂಬು

ಮೂರು ಗಾಡಿ ಹತ್ತಿ ಇಳಿದವು, ತೂಕ ಒಂದೇ:
ಎರಡು ಸಾವಿರದ ನೂರ ನಲವತ್ತು.
ನಾಲ್ಕನೆಯದರಲ್ಲಿ ಕಬ್ಬೇ ಇರಲಿಲ್ಲ.
ಗೊಬ್ಬರದ ಮಡ್ಡಿ ತುಂಬಲು ಬಂದ ಸಣ್ಣತಮ್ಮಯ್ಯ
ಸುಮ್ಮನೆ ಅಡ್ಡ ಹಾಯ್ದಿದ್ದ.
ಅವನಿಗೂ ಬಂತು ಚೀಟಿ,
ಎರಡು ಸಾವಿರದ ನೂರ ನಲವತ್ತು.

ಗುಮಾಸ್ತೆ ಹೊಂಬಾಳಯ್ಯ ಮೈಸೂರಿಗೆ ಫೋನು ಮಾಡಿದ.
ಸ್ಕ್ರೂಡ್ರೈವರಿನ ಚೀಲ ತಗಲಿಸಿಕೊಂಡು
ಪ್ಯಾಸೆಂಜರ್ ರೈಲಿನಿಂದ ನಾನು ಮಂಡ್ಯಕ್ಕೆ ಇಳಿದಾಗ
ಗೇಟಿನಿಂದ ರಸ್ತೆಯ ತಿರುವಿನ ತನಕ ಎತ್ತುಗಳು,
ಊರಿಗೆ ಊರೇ ಕಾಕಂಬಿ ವಾಸನೆ.

"ಯಾವಾಗಿಂದ?" ಎಂದೆ.
"ಮೋಡೆಮ್ ಬಂದಾಗಿಂದ. ಹೆಡ್ಡಾಫೀಸಿಗೆ
ಅದು ಕಿರ್ರೋ ಅಂತ ಫೋನು ತಿರುಗಿಸಿದ್ದೇ ತಡ,
ತೂಕ ಕಲ್ಲಾಗ್ತದೆ."

ಅಲ್ಲಿಗೇ ಗೊತ್ತಾಯಿತು. ಆದರೂ ಡಬ್ಬಿ ಬಿಚ್ಚಿದೆ.
ತೂಕದ ತಂತಿ ಮೊದಲನೇ ಕಾಮ್ ಪೋರ್ಟಿಗೆ,
ಮೋಡೆಮ್ ಮೂರನೆಯದು.
ಹೆಸರು ಬೇರೆ, ವಿಳಾಸ ಬೇರೆ,
ಕರೆಯುವ ಗಂಟೆ ಮಾತ್ರ ಒಂದೇ, ನಾಲ್ಕು.
ಯಾರು ಬಾರಿಸಿದರೂ ಒಳಗಿನವನು
ಒಬ್ಬರಿಗೇ ಬಾಗಿಲು ತೆರೆಯುತ್ತಾನೆ;
ಇನ್ನೊಬ್ಬರು ಹೊಸ್ತಿಲಲ್ಲೇ, ತೂಕ ಹೊತ್ತುಕೊಂಡು.

ಇಷ್ಟು ಹೇಳಿದರೂ ಹೊಂಬಾಳಯ್ಯನ ತಲೆಗೆ ಹೋಗಲಿಲ್ಲ.
ಕಿಟಕಿಯಾಚೆ ಚೀಟಿ ಹಿಡಿದು ನಿಂತ ಸಣ್ಣತಮ್ಮಯ್ಯ,
"ಎಲ್ಡು ಗದ್ದೆಗೆ ಒಂದೇ ತೂಬು ಮಡಗವ್ರೆ, ಅಷ್ಟೇಯ.
ನೀರುಗಂಟಿ ತಾನೆ ಏನ್ ಮಾಡಾನು?
ಖಾಲಿ ತೂಬು ಇದ್ದದಾ ನೋಡವ್ವ," ಎಂದ.

ನೋಡಿದೆ.
ಮೂರು ಮೌಸಿನದು. ಆರು ಫ್ಲಾಪಿಯದು.
ಏಳು ಪ್ರಿಂಟರಿನದು, ಅದಾಗಲೇ
ಸುಳ್ಳು ಚೀಟಿ ಒದರಿ ಒದರಿ ಬಿಸಿಯಾಗಿತ್ತು.
ಐದು ಖಾಲಿ. ಎರಡನೇ ಪ್ರಿಂಟರಿಗೆಂದು ಬಿಟ್ಟ ಜಾಗ;
ಎರಡನೇ ಪ್ರಿಂಟರು ಬರಲೇ ಇಲ್ಲ.

ಕಾರ್ಡಿನ ಮೇಲೆ ಸಾಲು ಮುಳ್ಳು,
ಮುಳ್ಳಿನ ಮೇಲೊಂದು ಕರಿ ಟೋಪಿ,
ಜೋಳದ ಕಾಳಿನ ಅರ್ಧ.
ಉಗುರಲ್ಲಿ ಎಬ್ಬಿದೆ. ಹಾರಿತು.

ಮೇಜಿನಡಿ ಮೊಣಕಾಲೂರಿದೆವು ಮೂವರೂ.
ಕಬ್ಬಿನ ಸಿಪ್ಪೆ, ಹರಿದ ರಶೀದಿ, ಬೀಡಿ ತುಂಡು.
ಹೊರಗೆ ಎತ್ತುಗಳ ಕೊರಳ ಗಂಟೆ,
ಒಂದೊಂದಕ್ಕೂ ಒಂದೊಂದು ದನಿ;
ಯಾವ ಗಾಡಿಯವನೂ ತನ್ನದನ್ನು ತಪ್ಪಿ ಕೇಳುವುದಿಲ್ಲ.
ಗೋಡೆಯ ಬುಡದಲ್ಲಿ ಕೆಂಜಿಗಗಳು
ಕರಿಯದೊಂದನ್ನು ಬೆಲ್ಲವೆಂದು ನಂಬಿ ಮುತ್ತಿದ್ದವು.
ಎರಡು ಕಡಿಸಿಕೊಂಡು ಕಿತ್ತುಕೊಂಡೆ.

ಬೆರಳಿಗೆ ಎಂಜಲು ಸವರಿ ಅದನ್ನು ಅಂಟಿಸಿಕೊಂಡು
ಐದರ ಮುಳ್ಳಿಗೆ ಒತ್ತಿದೆ.
ಟಿಕ್ ಅಂತಲೂ ಅನ್ನಲಿಲ್ಲ.

ಮೋಡೆಮ್ ಕಿರುಚುತ್ತಿರುವಾಗಲೇ ಗಾಡಿ ಹತ್ತಿಸಿದರು.
ಅಂಕಿಗಳು ಮಿಸುಕಿದವು.
ಎತ್ತು ಬಾಲ ಬೀಸಿದರೆ ಕಡೆಯ ಅಂಕಿಯೂ ನಡುಗಿತು.
ಸಾವಿರದ ಎಂಟುನೂರ ಅರವತ್ತು.

ಗಾಡಿಯವನು ಚೀಟಿ ನೋಡಿದ, ನನ್ನನ್ನು ನೋಡಿದ.
"ಕೆಟ್ಟೋಗಿದ್ದಾಗ್ಲೇ ನೆಟ್ಟಗಿತ್ತು ಕನವ್ವಾ."

ಸಣ್ಣತಮ್ಮಯ್ಯ ಬರಿಗಾಡಿಯ ಚೀಟಿಯನ್ನು
ನಾಲ್ಕು ಮಡಿಕೆ ಮಡಿಸಿ
ಬೀಡಿಕಟ್ಟಿಗೆ ಸಿಕ್ಕಿಸಿಕೊಂಡ.
ಯಾರೂ ಕೇಳಲಿಲ್ಲ. ನಾನೂ.