ಬ್ಯಾಂಕರ್ ಎಂಜಿನ್

ಕುಳೆಂ ಕ್ವಾರ್ಟರ್ಸಿನ ಹಿತ್ತಲು.
ಬಸಳೆ ಚಪ್ಪರ ಕಿತ್ತು ದಾವಲಸಾಬರು
ಕೊಡೆಕಡ್ಡಿಯ ಹಳಿ ಹಾಸಿದ್ದಾರೆ.
ಮಾಬೂಬಿ ಮಾತು ಬಿಟ್ಟು ಇವತ್ತಿಗೆ ಒಂಬತ್ತು ದಿನ.

ತೆಂಗಿನ ಚಿಪ್ಪೇ ಸುರಂಗ, ಬಟ್ಟೆ ಒಗೆಯುವ ಕಲ್ಲೇ ಘಾಟು,
ನಲ್ಲಿ ತಿರುವಿದರೆ ದೂಧಸಾಗರ.

ಮೂವತ್ತೊಂದು ವರ್ಷ
ಕ್ಯಾಸಲ್ ರಾಕಿನವರೆಗೆ ಗಾಡಿಗಳನ್ನು
ಹಿಂದಿನಿಂದ ದಬ್ಬಿದವರು;
ಕಂಡದ್ದು ಕೊನೆಯ ಡಬ್ಬಿಯ ಬೆನ್ನು,
ಅದರ ಮೇಲಿನ ಹಳದಿ ಗುಣಾಕಾರ, ಅಷ್ಟೇ.
‘ಇಲ್ಲಿ ಮಾತ್ರ ನಾ ಮುಂದ’ ಎಂದು
ಎಂಜಿನ್ನು ತಲೆಗೆ ಜೋಡಿಸಿ ಬಿಟ್ಟರು.

ಏರಿನಲ್ಲಿ ಒದ್ದೆ ಹಲಸಿನೆಲೆ.
ಚಕ್ರ ಗಿರಗಿರ ಜಾರಿತು, ನಿಂತಿತು.
ಮಕ್ಕಳು ನಾವು ನಗಲಿಲ್ಲ.

ಸೆರಗಿಗೆ ಕೈ ಒರೆಸುತ್ತ ಬಂದ ಮಾಬೂಬಿ
ಕುಕ್ಕರಗಾಲಲ್ಲಿ ಕೂತು
ಕೊನೆಯ ಡಬ್ಬಿಗೆ ಕಿರುಬೆರಳು ಹಚ್ಚಿದಳು:

‘ಹೂಂ, ನಡೀರಿ ಮುಂದ.
ಬಸಳಿ ಮರ್ತಿಲ್ಲ ನಾ.’